ಅಪ್ಪನ ಕಡೆಯಿಂದ ಬಂದದ್ದು

ಆ ಭಾನುವಾರ ಮಾಮಿ ಕಾವೂರಿನ ನಮ್ಮ ಮನೆಗೆ ಬಂದಾಗ ತಲೆಗೆ ಸ್ಕಾರ್ಫ್ ಕಟ್ಟಿರಲಿಲ್ಲ. ಮಾಮಿ ಎಂದರೆ ಅಪ್ಪನ ತಂಗಿ. ತುಳುವಿನಲ್ಲಿ ನಾವು ಹಾಗೆ ಕರೆಯುವುದು. ಸ್ತನದ ಕ್ಯಾನ್ಸರಿಗೆ ಆಪರೇಷನ್, ಕಿಮೋ ಎಲ್ಲ ಮುಗಿದು ಅವರ ಕೂದಲು ಆಗಷ್ಟೇ ಮತ್ತೆ ಬರತೊಡಗಿತ್ತು. ಗೇಟಿನ ಬಳಿ ನಾನು ಅದನ್ನೇ ನೋಡುತ್ತ ನಿಂತದ್ದು ಅವರಿಗೆ ಗೊತ್ತಾಯಿತು.

"ಎಂತ ನೋಡ್ತೀಯಾ ಮಾರಾಯ್ತಿ? ಹೊಸ ಸ್ಟೈಲ್ ಇದು. ಬೊಂಬಾಯಿಯಲ್ಲಿ ಇದಕ್ಕೆ ಕ್ಯೂ ನಿಲ್ತಾರೆ."

ಚಹಾ ಕುಡಿದ ಮೇಲೆ ಬಂದ ವಿಷಯ ಹೇಳಿದರು. ಆಸ್ಪತ್ರೆಯಲ್ಲಿ ಅವರ ರಕ್ತದ ಇನ್ನೊಂದು ಪರೀಕ್ಷೆ ಮಾಡಿಸಿದ್ದರು. ಕಾಯಿಲೆ ಸುಮ್ಮನೆ ಬಂದದ್ದಲ್ಲ, ಒಂದು ಜೀನಿನಲ್ಲಿರುವ ದೋಷದಿಂದ ಬಂದದ್ದು. ಆ ದೋಷ ಅವರ ತಾಯಿಯಿಂದ, ಅಂದರೆ ನನ್ನ ಅಜ್ಜಿಯಿಂದ ಬಂದಿರಬೇಕು. ಅಜ್ಜಿ ತೀರಿಕೊಂಡದ್ದೂ ಅದೇ ಕಾಯಿಲೆಯಲ್ಲಿ. ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ ತಿಳಿಸಬೇಕೆಂದು ಡಾಕ್ಟರು ಹೇಳಿದ್ದರಂತೆ.

"ಅಣ್ಣ, ನೀನು ಒಮ್ಮೆ ಹೋಗಿ ರಕ್ತ ಕೊಡ್ಬೇಕು. ನಿನ್ನಲ್ಲಿ ಉಂಟು ಅಂತಾದ್ರೆ ಮತ್ತೆ ಇವಳು."

"ನಾನಾ? ಗಂಡಸಿಗೆ ಎಂತ ಅದು?" ಅಪ್ಪ ನಕ್ಕರು.

"ಯಾಕೆ, ಗಂಡಸಿಗೆ ಅಮ್ಮ ಇರುವುದಿಲ್ವಾ?"

ಅಪ್ಪ ಪೇಪರನ್ನು ಮಡಚಿಟ್ಟು, ಮತ್ತೆ ಬಿಡಿಸಿಕೊಂಡರು.

ಲೋಟಗಳನ್ನು ಒಳಗೆ ತಂದಾಗ ಅಡುಗೆಮನೆಯಲ್ಲಿ ಅಮ್ಮ ದನಿ ತಗ್ಗಿಸಿ ಹೇಳಿದಳು: "ನೀನು ತಲೆಬಿಸಿ ಮಾಡ್ಬೇಡ. ಅದು ಅವರ ಬರಿಗೆ ಬಂದದ್ದು. ನಿನ್ನದು ನನ್ನ ಬರಿ. ನಮ್ಮಲ್ಲಿ ಯಾರಿಗೂ ಇಲ್ಲ."

ನಮ್ಮಲ್ಲಿ ವಂಶ ಬರುವುದು ತಾಯಿಯಿಂದ. ಬರಿ ಎಂದರೆ ಆ ತಾಯಿಯ ಸಾಲು. ಅಮ್ಮನ ಬರಿಯೇ ಮಕ್ಕಳದ್ದು. ಅಪ್ಪನ ಬರಿ ಅವರ ತಂಗಿಯ ಮಕ್ಕಳಿಗೆ ಹೋಗುತ್ತದೆ, ಸ್ವಂತ ಮಕ್ಕಳಿಗಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ಪೂಜೆ ಕೊಡುವ ದಿನ ಅಮ್ಮ ನನ್ನನ್ನು ತನ್ನ ಕುಟುಂಬದ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಪ್ಪ ತಮ್ಮ ತಾಯಿಯ ಮನೆಗೆ ಹೋಗುತ್ತಾರೆ. ಅಮ್ಮನ ಮನೆಗೆ ಬಂದರೂ ಅವರು ನೆಂಟರೇ, ಜಗಲಿಯ ಕುರ್ಚಿಯಲ್ಲಿ ಕೂರುವವರು. ಅಜ್ಜಿ ತೀರಿಕೊಂಡಾಗ ಅಪ್ಪನಿಗೆ ಸೂತಕವಿತ್ತು, ನನಗೆ ಇರಲಿಲ್ಲ. ಆಗ ನಾನು ನಾಲ್ಕನೇ ಕ್ಲಾಸು. ಆ ವಾರವೇ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದೆ. ಯಾರೂ ಬೇಡವೆನ್ನಲಿಲ್ಲ. ಅಪ್ಪ ಮಾತ್ರ ನೋಡಲು ಬರಲಿಲ್ಲ.

ನಾನು ಸಂಖ್ಯಾಶಾಸ್ತ್ರ ಓದಿ ಬಲ್ಮಠದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ಅಪ್ಪನಲ್ಲಿ ಆ ದೋಷ ಇರುವ ಸಾಧ್ಯತೆ ಅರ್ಧ. ಇದ್ದರೆ ಅದು ನನಗೆ ಬಂದಿರುವ ಸಾಧ್ಯತೆ ಮತ್ತೆ ಅರ್ಧ. ಮಾಮಿ ಮಾತು ಮುಗಿಸುವ ಮೊದಲೇ ಈ ಲೆಕ್ಕ ನನ್ನ ತಲೆಯಲ್ಲಿ ಮುಗಿದಿತ್ತು. ಆದರೂ ಅಮ್ಮ ಬರಿಯ ಮಾತು ಹೇಳಿದಾಗ ನನ್ನ ಹೆಗಲು ಸಡಿಲವಾದದ್ದು ನಿಜ. ಹುಟ್ಟಿದಂದಿನಿಂದ ಕೇಳಿದ ಮಾತು, ಅದರ ಎದುರು ನನ್ನ ಎಂ.ಎಸ್ಸಿ ಓದು ಆ ಒಂದು ಗಳಿಗೆ ಸುಮ್ಮನಿತ್ತು.

ಫಳ್ನೀರಿನ ಆಸ್ಪತ್ರೆಗೆ ನಾನೂ ಅಮ್ಮನೂ ಹೋದೆವು. ಅಪ್ಪನಿಗೆ ಅಂದೇ ಸ್ಕೂಟರ್ ಸರ್ವಿಸಿಗೆ ಕೊಡಬೇಕಾಗಿ ಬಂತು. ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಕೌನ್ಸೆಲರ್ ನಲ್ವತ್ತರ ಆಸುಪಾಸಿನ ಬ್ಯಾರಿ ಮುಸ್ಲಿಂ ಹೆಂಗಸು. ತಲೆಗೆ ಬೂದುಬಣ್ಣದ ಶಾಲು, ಮೇಜಿನ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್. ಕಂಪ್ಯೂಟರನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಕ್ಯಾನ್ಸರಿನ ಮಾತನ್ನು ಅವರು ಮೊದಲಿಗೆ ಎತ್ತಲೇ ಇಲ್ಲ. ಬಸ್ಸಿನಲ್ಲಿ ಬಂದಿರಾ, ಸೀಟು ಸಿಕ್ಕಿತಾ ಎಂದು ಕೇಳಿದರು. ಆಮೇಲೆ, "ನಿಮ್ಮ ಅಪ್ಪನ ಅಮ್ಮ ಹೇಗಿದ್ರು?" ಎಂದರು.

ಅಜ್ಜಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು ಎಂಬುದನ್ನು ನಾನು ಬರೆದುಕೊಂಡು ಹೋಗಿದ್ದೆ. ಹೇಗಿದ್ದರು ಎಂಬುದಕ್ಕೆ ಉತ್ತರ ತಯಾರು ಮಾಡಿರಲಿಲ್ಲ. "ಬೀಡಿ ಕಟ್ತಿದ್ರು. ಮಡಿಲಲ್ಲಿ ಯಾವಾಗ್ಲೂ ಎಲೆಯ ಗೆರಸೆ ಇರ್ತಿತ್ತು" ಎಂದೆ. ಅಷ್ಟು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ಅವರು ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಎಂದು ಗುರುತು ಹಾಕುತ್ತ ನಮ್ಮ ಎರಡೂ ಮನೆಗಳನ್ನು ಒಂದೇ ಹಾಳೆಯಲ್ಲಿ ಬರೆದರು. ಅಜ್ಜಿಯ ವೃತ್ತಕ್ಕೂ ಮಾಮಿಯ ವೃತ್ತಕ್ಕೂ ಕಪ್ಪು ತುಂಬಿಸಿದರು. ಅಪ್ಪನ ಚೌಕದಿಂದ ನನಗೆ ಗೆರೆ ಎಳೆದಾಗ ಅಮ್ಮ ಮುಂದಕ್ಕೆ ಬಾಗಿದಳು.

"ಮೇಡಮ್, ಒಂದು ಹೇಳ್ಬೇಕು. ಇವಳದ್ದು ನನ್ನ ಬರಿ. ಅವರದ್ದು ಇವಳಿಗೆ ಬರುವುದಿಲ್ಲ."

ಅವರು ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟರು. "ನನ್ನ ಅಜ್ಜಿಯೂ ಹಾಗೇ ಹೇಳ್ತಿದ್ರು. ನಮ್ಮಲ್ಲಿಯೂ ಮೊದಲು ಅಮ್ಮನ ಮನೆಯ ಲೆಕ್ಕವೇ ಇದ್ದದ್ದು. ಇವರ ಬರಿ ನಿಮ್ಮದೇ ಅಮ್ಮಾ, ಅದನ್ನು ಯಾರೂ ಬದಲು ಮಾಡ್ಲಿಕ್ಕೆ ಆಗುವುದಿಲ್ಲ." ನನ್ನ ಕಡೆ ಕೈ ತೋರಿಸಿ, "ಇವರ ಮೂಗು ಯಾರದ್ದು?" ಎಂದರು.

"ಅಪ್ಪನದ್ದೇ. ನೋಡಿದ್ರೆ ಗೊತ್ತಾಗುವುದಿಲ್ವಾ? ಇಷ್ಟುದ್ದ! ನಮ್ಮ ಕಡೆ ಯಾರಿಗಾದ್ರೂ ಉಂಟಾ ಇಂಥ ಮೂಗು? ಎಷ್ಟು ಸಂಬಂಧ ಇದೇ ಮೂಗಿನಿಂದ..."

ಅಮ್ಮನ ಮಾತು ಅಲ್ಲಿಗೆ ನಿಂತಿತು. ಅವಳು ನನ್ನ ಮುಖ ನೋಡಿದಳು. ಕೌನ್ಸೆಲರ್ ಅವಸರ ಮಾಡಲಿಲ್ಲ. ಅಮ್ಮ ನಿಧಾನವಾಗಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, "ಹಾಗಾದ್ರೆ ಬರ್ಬಹುದು" ಎಂದಳು.

"ಬರ್ಬಹುದು. ಬಾರದೆಯೂ ಇರ್ಬಹುದು."

ಅಪ್ಪ ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಅವರು ವಿವರಿಸಿದರು. ಅಪ್ಪನಲ್ಲಿ ಇಲ್ಲವೆಂದಾದರೆ ನನ್ನ ಪರೀಕ್ಷೆಯೇ ಬೇಡ. ಆಮೇಲೆ ನನ್ನ ಕಡೆ ತಿರುಗಿ, ನನ್ನಲ್ಲಿ ಇಲ್ಲವೆಂದು ಬಂದರೆ ಏನನ್ನಿಸಬಹುದು ಎಂದು ಕೇಳಿದರು.

"ಖುಷಿ ಆಗ್ತದೆ."

"ಮಾಮಿಯ ಎದುರು ಕೂತಾಗಲೂ?"

ಕೆಟ್ಟ ಸುದ್ದಿಗೆ ತಯಾರಿ ಮಾಡಿಕೊಳ್ಳಬೇಕೆಂದು ನಾನು ಅಂದುಕೊಂಡಿದ್ದೆ. ಒಳ್ಳೆಯ ಸುದ್ದಿಗೂ ತಯಾರಿ ಬೇಕಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಅಮ್ಮ ಮೂಗಿನ ಕಥೆಯನ್ನು ಅಪ್ಪನಿಗೆ ಹೇಳಿದಳು. ಅಪ್ಪ ನಗದೆ ಕೇಳಿದರು. ರಕ್ತ ಕೊಡಲು ಯಾವಾಗ ಹೋಗುತ್ತೀರಿ ಎಂದಾಗ, "ನಾನು ಹೋಗುವುದಿಲ್ಲ" ಎಂದರು. ಅಪ್ಪ ಪಣಂಬೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ ಮಾಡಿ ನಿವೃತ್ತರಾದವರು. ಇಲ್ಲ ಎನ್ನುವುದು ಅವರ ಅಭ್ಯಾಸವಲ್ಲ. ಅಮ್ಮ ಎರಡನೆಯ ಸಲ ಕೇಳಲಿಲ್ಲ.

ಕಾರಣ ನನಗೆ ತಿಳಿದದ್ದು ಕಾವೂರಿನ ಕೆರೆಯ ಬಳಿ. ಸಂಜೆ ಅಪ್ಪ ಅಲ್ಲಿ ನಡೆಯಲು ಹೋಗುತ್ತಾರೆ, ಕೆಲವೊಮ್ಮೆ ನಾನೂ ಹೋಗುತ್ತೇನೆ. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ಅಂದು ಅರ್ಧ ಸುತ್ತು ಬಂದ ಮೇಲೆ ಅವರು ನೀರಿನ ಕಡೆ ನೋಡುತ್ತ ಶುರು ಮಾಡಿದರು.

"ನಿನಗೆ ಕೊಡ್ಲಿಕ್ಕೆ ನನ್ನ ಹತ್ರ ಎಂತ ಇತ್ತು ಹೇಳು. ಬರಿ ಅವಳದ್ದು. ದೈವ ಅವಳ ಮನೆಯದ್ದು. ಈಗ ನಾವು ಮನೆ ಕಟ್ಟಿ ಕೂತ ಜಾಗವೂ ಅವಳ ಅಮ್ಮ ಕೊಟ್ಟದ್ದು. ನನಗೆ ಬೇಜಾರಿಲ್ಲ, ನಮ್ಮ ಕ್ರಮವೇ ಹಾಗೆ. ಆದ್ರೆ ಈಗ ಒಂದು ಉಂಟಂತೆ, ಅದನ್ನು ನಾನೇ ಕೊಡ್ಲಿಕ್ಕಾಗುವುದಂತೆ."

"ಅಪ್ಪ, ಹಾಗಲ್ಲ."

"ಗೊತ್ತಿಲ್ಲದೆ ಇದ್ರೆ, ನನ್ನದಲ್ಲ ಅಂತ ಅಂದುಕೊಂಡು ಇರ್ಬಹುದು. ಕಾಗದದಲ್ಲಿ ಬರೆದು ಕೊಟ್ಟ ಮೇಲೆ ಹೇಗೆ?"

ನಾನು ಏನಾದರೂ ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು, "ನೀವು ನನ್ನನ್ನು ಓದಿಸಲಿಲ್ವಾ?" ಎಂಬ ಮಾತು. ಅದು ಸಾಲದೆಂದು ಹೇಳುವಾಗಲೇ ಗೊತ್ತಾಯಿತು. ಅಪ್ಪ, "ಬಾ, ಸೊಳ್ಳೆ ಶುರುವಾಯ್ತು" ಎಂದರು.

ಎರಡನೆಯ ಸಲ ನಾನೊಬ್ಬಳೇ ಫಳ್ನೀರಿಗೆ ಹೋದೆ. ಒಂದು ಯೋಜನೆ ಹಾಕಿಕೊಂಡಿದ್ದೆ. ಅಪ್ಪನನ್ನು ಬಿಟ್ಟು ನೇರವಾಗಿ ನನ್ನನ್ನೇ ಪರೀಕ್ಷಿಸುವುದು. ಇಲ್ಲ ಎಂದು ಬಂದರೆ ಅಪ್ಪನ ವಿಷಯ ನನ್ನ ಮಟ್ಟಿಗೆ ಎತ್ತಬೇಕಾಗಿಯೇ ಇಲ್ಲ.

"ಲೆಕ್ಕ ಸರಿ ಉಂಟು" ಎಂದರು ಅವರು. "ಉಂಟು ಅಂತ ಬಂದ್ರೆ? ಆಗ ಅಪ್ಪನ ರಿಸಲ್ಟೂ ನಿಮ್ಮ ಕೈಗೇ ಬಂದ ಹಾಗೆ. ಅವರಿಗೆ ಹೇಳ್ತೀರಾ?"

"ಇಲ್ಲ."

"ಎಷ್ಟು ವರ್ಷ ಹೇಳದೆ ಇರ್ತೀರಿ?"

ನಾನು ಬ್ಯಾಗಿನ ಜಿಪ್ ಮುಚ್ಚಲು ಹೋದೆ. ಅದು ಮುಚ್ಚಿಯೇ ಇತ್ತು.

"ನೀವು ಬಂದಾಗಿನಿಂದ ಅಪ್ಪನ ಬಗ್ಗೆ ಹೇಳಿದ್ರಿ. ಹೋದ ಸಲ ಅಮ್ಮನ ಬಗ್ಗೆ, ಮಾಮಿಯ ಬಗ್ಗೆ. ನಿಮಗೆ ಹೆದರಿಕೆ ಆಗುವುದಿಲ್ವಾ?"

"ಆಗ್ತದೆ" ಎಂದೆ. ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

"ಯಾವಾಗ?"

"ಸ್ನಾನ ಮಾಡುವಾಗ. ಸಾಬೂನು ಬೇಗ ಬೇಗ ಹಚ್ತೇನೆ. ಕೈಗೆ ಏನಾದ್ರೂ ಸಿಕ್ಕಿದ್ರೆ ಅಂತ."

ಅವರು ಸಮಾಧಾನದ ಮಾತು ಹೇಳಲಿಲ್ಲ, ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಲಿಲ್ಲ. ನನಗೆ ಅದು ಹಿತವಾಗಿತ್ತು. ಇಲ್ಲಿಗೆ ಬರುವ ತುಂಬಾ ಮಂದಿ ಹಾಗೆಯೇ ಮಾಡುತ್ತಾರೆ, ಕೆಲವರು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಾರೆ, ಎರಡೂ ಒಂದೇ ಹೆದರಿಕೆ ಎಂದರು. ಕಣ್ಣು ಒರೆಸಿಕೊಂಡದ್ದು ನನ್ನದೇ ಕರವಸ್ತ್ರದಲ್ಲಿ. ಹೊರಡುವಾಗ ಹೇಳಿದರು: "ಅಪ್ಪನನ್ನು ಒಮ್ಮೆ ಕರ್ಕೊಂಡು ಬನ್ನಿ. ರಕ್ತ ಕೊಡ್ಲಿಕ್ಕೆ ಅಲ್ಲ. ಮಾತಾಡ್ಲಿಕ್ಕೆ."

ಅಪ್ಪನನ್ನು ಹೊರಡಿಸಿದ್ದು ಮಾಮಿ. ನಾನು ಫೋನಿನಲ್ಲಿ ಹೇಳಿದ್ದಷ್ಟೇ. ಅವರು ಆಟೋದಲ್ಲಿ ಬಂದು ಗೇಟಿನ ಎದುರು ನಿಲ್ಲಿಸಿ, ಇಳಿಯದೆ, ಡ್ರೈವರನಿಂದ ಹಾರ್ನ್ ಹೊಡೆಸಿದರು. ಪಕ್ಕದ ಮನೆಯವರು ಹೊರಗೆ ಬಂದರು.

"ಅಣ್ಣ, ಚಪ್ಪಲಿ ಹಾಕು. ಸೂಜಿಗೆ ಹೆದರಿಕೆ ಆದ್ರೆ ಹೇಳು, ಪೆಪ್ಪರ್‌ಮಿಂಟ್ ತಂದಿದ್ದೇನೆ."

"ನಾನು ರಕ್ತ ಕೊಡುವುದಿಲ್ಲ."

"ನಿನ್ನ ರಕ್ತ ಯಾರಿಗೆ ಬೇಕು? ಅಲ್ಲಿ ಎಸಿ ಉಂಟು. ಕೂತು ಬಾ. ಮೀಟರ್ ಓಡ್ತಾ ಉಂಟು ಮಾರಾಯ!"

ಅಪ್ಪ ಕೌನ್ಸೆಲರ್ ಎದುರು ಕುರ್ಚಿಯ ಅಂಚಿನಲ್ಲಿ ಕೂತರು. ಮಾಮಿ ಹೊರಗೇ ಉಳಿದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ. ಕೌನ್ಸೆಲರ್ ಅಪ್ಪನಿಗೂ ಅದೇ ಪ್ರಶ್ನೆ ಕೇಳಿದರು, ನಿಮ್ಮ ಅಮ್ಮ ಹೇಗಿದ್ದರು ಎಂದು. ನಾನು ಒಂದೇ ಉಸಿರಿನಲ್ಲಿ ಮುಗಿಸಿದ್ದ ಉತ್ತರಕ್ಕೆ ಅಪ್ಪ ಬಹಳ ಹೊತ್ತು ತೆಗೆದುಕೊಂಡರು. ಅಜ್ಜಿ ಬೀಡಿ ಕಟ್ಟುವಾಗ ರೇಡಿಯೋ ವಾರ್ತೆಗೆ ಎದುರು ಮಾತಾಡುತ್ತಿದ್ದುದು. ಸ್ಕೂಟರಿನಲ್ಲಿ ಹಿಂದೆ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದುದು. ಗಂಟು ಕಾಣಿಸಿಕೊಂಡಾಗ ಯಾರಿಗೂ ಹೇಳದೆ ಇದ್ದದ್ದು.

"ಎಡಗೈ ಎತ್ಲಿಕ್ಕೆ ಆಗ್ತಿರಲಿಲ್ಲ. ಕೇಳಿದ್ರೆ, ಮಲಗಿದ್ದು ಸರಿಯಾಗಲಿಲ್ಲ ಅಂತಿದ್ಲು. ಹೆಂಗಸರ ವಿಷಯ, ನಾನು ಹೇಗೆ ಕೇಳುವುದು? ನಾವು ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ತಡ ಆಗಿತ್ತು."

"ನಿಮ್ಮ ತಂಗಿಗೂ ಅದು ಅಮ್ಮನಿಂದ ಬಂತು" ಎಂದರು ಕೌನ್ಸೆಲರ್. "ನಿಮಗೂ ಬಂದಿರ್ಬಹುದು. ಅಮ್ಮನ ಮೇಲೆ ಸಿಟ್ಟುಂಟಾ?"

"ಅಮ್ಮನ ಮೇಲೆ?" ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವಳ ಮೇಲೆ ಎಂತಕ್ಕೆ ಸಿಟ್ಟು? ಅವಳು ಬೇಕು ಅಂತ ಕೊಟ್ಟದ್ದಾ? ಅವಳಿಗೆ ಗೊತ್ತೇ ಇರಲಿಲ್ಲ, ಪಾಪ."

ಕೌನ್ಸೆಲರ್ ತಲೆಯಾಡಿಸಿದರು. ಅಮ್ಮನ ಎದುರಿನ ಹಾಗೆಯೇ ಅವಸರ ಮಾಡಲಿಲ್ಲ. ಅಪ್ಪ ಮೊದಲು ತಮ್ಮ ಕೈಗಳನ್ನು ನೋಡಿಕೊಂಡರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ಈ ಸಲ ನಾನು ಹೇಳಬೇಕಾದದ್ದನ್ನು ಅವರೇ ಹೇಳಿ ಮುಗಿಸಿದ್ದರು.

"ರಕ್ತ ಎಲ್ಲಿ ಕೊಡುವುದು?" ಎಂದು ಅಪ್ಪ ಕೇಳಿದರು.

ಅಪ್ಪನ ವರದಿ ಬಂತು. ಅವರಲ್ಲಿ ಇತ್ತು. ಅವರು "ಹ್ಞಾಂ" ಎಂದಷ್ಟೇ ಹೇಳಿ, ಅದೇ ದಿನ ಕೆಳಗಿನ ಲ್ಯಾಬಿನಲ್ಲಿ ನನ್ನ ರಕ್ತ ತೆಗೆಯುವವರೆಗೆ ಪಕ್ಕದಲ್ಲಿ ನಿಂತರು. ಮತ್ತೆ ಕಾಯುವ ವಾರಗಳು. ಕಾಲೇಜಿನಲ್ಲಿ ಅದು ಸಂಭವನೀಯತೆಯ ಪಾಠ ಬರುವ ಸಮಯ. ನಾಣ್ಯದ ಉದಾಹರಣೆ ಬಿಟ್ಟು ಇಸ್ಪೀಟಿನ ಎಲೆಗಳನ್ನು ಹಿಡಿದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು, "ಮ್ಯಾಮ್, ನಮ್ಮನ್ನು ಹಾಳು ಮಾಡ್ತಿದ್ದೀರಿ" ಎಂದಳು. ನಾನೂ ಅವರ ಜೊತೆ ನಕ್ಕೆ. ಆ ದಿನಗಳಲ್ಲಿ ಇಡೀ ಒಂದು ಗಂಟೆ ಅದನ್ನು ಮರೆತಿದ್ದದ್ದು ಆ ತರಗತಿಯಲ್ಲಿ ಮಾತ್ರ.

ಫಲಿತಾಂಶವನ್ನು ಕೌನ್ಸೆಲರ್ ಫೋನಿನಲ್ಲಿ ಹೇಳುವುದಿಲ್ಲ. ಅಪ್ಪ, ಅಮ್ಮ, ನಾನು ಮೂವರೂ ಹೋದೆವು. ಬಾಗಿಲು ಹಾಕಿ ಕೂತ ಕೂಡಲೇ ಅವರು ನನ್ನನ್ನೇ ನೋಡಿ, "ಉಂಟು" ಎಂದರು. ಪೀಠಿಕೆ ಇಲ್ಲದೆ ಹೇಳಬೇಕೆಂದು ನಾನೇ ಮೊದಲು ಕೇಳಿಕೊಂಡಿದ್ದೆ.

ಆಮೇಲೆ ಸಾಕಷ್ಟು ಸಮಯ ಕೊಟ್ಟು ವಿವರಿಸಿದರು. ಇದು ಕಾಯಿಲೆಯಲ್ಲ, ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎಂಬ ತಿಳುವಳಿಕೆ. ವರ್ಷ ವರ್ಷ ಸ್ಕ್ಯಾನ್ ಮಾಡಿಸಬೇಕು. ಬಂದರೂ ಚಿಕ್ಕದಿರುವಾಗಲೇ ಸಿಗುವ ಸಂಭವ ಜಾಸ್ತಿ. ಆಪರೇಷನ್ನಿನಂಥ ಬೇರೆ ದಾರಿಗಳೂ ಇವೆ, ಅವುಗಳ ತೀರ್ಮಾನ ಇವತ್ತಿನದ್ದಲ್ಲ. ಒಂದು ಹಾಳೆಯಲ್ಲಿ ನೂರು ಸಣ್ಣ ಹೆಂಗಸರ ಚಿತ್ರವಿತ್ತು, ಕಾಯಿಲೆ ಬರುವವರಿಗೆ ಬಣ್ಣ ಹಾಕಿತ್ತು, ಉಳಿದವರಿಗೆ ಇಲ್ಲ. ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನೂರರಲ್ಲಿ ಇಷ್ಟು ಮಂದಿ ಎಂದು ನಾನು ದಿನವೂ ಕಲಿಸುತ್ತೇನೆ. ಅಂದು ನಾನು ಬಣ್ಣ ಹಾಕದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಕೂತೆ. ಅವರೂ ಅಲ್ಲೇ ಇದ್ದರು, ಅದೇ ಸಾಲುಗಳಲ್ಲಿ.

"ಇದನ್ನು ಹುಡುಗನ ಕಡೆಯವರಿಗೆ ಹೇಳ್ಬೇಕಾ?" ಅಮ್ಮನ ಪ್ರಶ್ನೆ.

"ಯಾವ ಹುಡುಗ?" ಎಂದೆ ನಾನು.

"ಬರ್ತಾನಲ್ಲ ಯಾರಾದ್ರೂ."

"ಹೇಳುವುದು, ಬಿಡುವುದು ಇವರಿಗೆ ಬಿಟ್ಟದ್ದು" ಎಂದರು ಕೌನ್ಸೆಲರ್. "ಹುಡುಗ ಬರಲಿ ಮೊದಲು." ಮತ್ತೆ ನನ್ನನ್ನು ಕೇಳಿದರು, "ಈಗ ಎಂತ ಅನ್ನಿಸ್ತದೆ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಹಸಿವಾಗ್ತದೆ."

ಅಪ್ಪ ದೊಡ್ಡದಾಗಿ ನಕ್ಕುಬಿಟ್ಟರು. ಅಮ್ಮ, "ಬೆಳಿಗ್ಗೆ ಒಂದು ದೋಸೆ ಸಹ ತಿನ್ನಲಿಲ್ಲ ಇವಳು" ಎಂದು ಅಳುತ್ತ ದೂರು ಹೇಳಿದಳು. ಕೆಳಗಿನ ಹೋಟೆಲಿನಲ್ಲಿ ನಾನು ಬನ್ಸ್ ತಿಂದೆ, ಅಪ್ಪನ ತಟ್ಟೆಯದ್ದನ್ನೂ ತಿಂದೆ. ಅಷ್ಟರಲ್ಲಿ ಅಮ್ಮ ಮತ್ತೆ ಮೇಲೆ ಹೋಗಿ ಸ್ಕ್ಯಾನಿಗೆ ದಿನ ಗೊತ್ತು ಮಾಡಿಕೊಂಡು ಬಂದಿದ್ದಳು. ನನ್ನ ಕಾಲೇಜಿಗೆ ತೊಂದರೆಯಾಗದ ಹಾಗೆ ಶನಿವಾರ ಕೇಳಿದ್ದಳಂತೆ.

ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಹೆದರಿಕೆ ಹೋಗಿದೆ ಎಂದು ನಾನು ಹೇಳಲಾರೆ. ಆದರೆ ಈಗ ಅದಕ್ಕೊಂದು ವೇಳಾಪಟ್ಟಿ ಉಂಟು, ಉಳಿದ ದಿನಗಳಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಸ್ನಾನಕ್ಕೆ ಮೊದಲಿನ ಹಾಗೆ ಹೊತ್ತು ತೆಗೆದುಕೊಳ್ಳುತ್ತೇನೆ. ಅಪ್ಪನಿಗೂ ಕೆಲವು ತಪಾಸಣೆಗಳನ್ನು ಹೇಳಿದ್ದಾರೆ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತೇವೆ.

ಕಳೆದ ತಿಂಗಳು ಮಾಮಿ ಮನೆಗೆ ಬಂದಿದ್ದಾಗ, ಹೇಳಬೇಕಾದವರಿಗೆಲ್ಲ ಹೇಳಿ ಆಯಿತು ಎಂದರು. ಅಜ್ಜಿಯ ತಂಗಿಯ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು, ಒಬ್ಬರನ್ನೂ ಬಿಟ್ಟಿರಲಿಲ್ಲ. ಕೇಳುತ್ತ ಹೋದ ಹಾಗೆ ನನಗೆ ಅನುಮಾನ ಬಂತು. ಎಲ್ಲರೂ ಅವರ ಬರಿಯವರೇ.

"ದೊಡ್ಡಪ್ಪನ ಮಗಳು?" ಎಂದೆ. ಅಪ್ಪನ ಅಣ್ಣ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವರ ಮಗಳು ಪುಣೆಯಲ್ಲಿದ್ದಾಳೆ, ನನಗಿಂತ ದೊಡ್ಡವಳು.

"ಅವಳು ಆ ಕಡೆಯವಳಲ್ವಾ, ಅವಳ ಅಮ್ಮನ..." ಮಾಮಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ. ನಾನೆಂಥ ಕತ್ತೆ."

"ಅದು ನಿನಗೆ ಈಗ ಗೊತ್ತಾದದ್ದಾ?" ಎಂದರು ಅಪ್ಪ.

ನಾನು ಫೋನು ಮಾಡುತ್ತೇನೆ ಎಂದೆ. ಕೌನ್ಸೆಲರ್ ಹೇಗೆ ಹೇಳಿದ್ದರೋ ಹಾಗೆ ಹೇಳಬಲ್ಲೆ, ಪದಗಳು ತಲೆಯಲ್ಲಿ ಸಿದ್ಧವಾಗಿದ್ದವು. ಅಪ್ಪ ಬೇಡವೆಂದರು. ನಂಬರನ್ನು ಅಮ್ಮನ ಫೋನಿನಿಂದ ಹುಡುಕಿಸಿಕೊಂಡು, ಸಿಟೌಟಿನ ಮೆಟ್ಟಿಲ ಮೇಲೆ ಕೂತು ತಾವೇ ಫೋನು ಮಾಡಿದರು. ನಾವು ಮೂವರು ಹೆಂಗಸರೂ ಒಳಗೆ ಬಾಗಿಲ ಬಳಿ ನಿಂತಿದ್ದೆವು.

"ಹಲೋ, ನಾನು ಕಾವೂರಿನ ಚಿಕ್ಕಪ್ಪ. ಹೌದು, ಎಲ್ಲ ಚೆನ್ನಾಗಿದ್ದೇವೆ. ನೀನು ಆಫೀಸಿನಿಂದ ಬಂದಿಯಾ? ಬಸ್ಸಿನಲ್ಲಿ ಸೀಟು ಸಿಗ್ತದಾ ಅಲ್ಲಿ? ಒಂದು ವಿಷಯ ಉಂಟು ಮಗಾ, ನನ್ನ ಅಮ್ಮನ ಕಡೆಯಿಂದ ಬಂದದ್ದು. ನನಗೂ ಬಂದಿದೆ, ನನ್ನ ಮಗಳಿಗೂ ಬಂದಿದೆ. ಹೆದರ್ಬೇಡ, ನಾವು ಇಬ್ಬರೂ ಗಟ್ಟಿ ಇದ್ದೇವೆ. ಮೊದಲು ಹೇಳು, ನಿನಗೆ ಅಜ್ಜಿಯ ನೆನಪುಂಟಾ?"